ಇನ್ನೊಂದು ಗೆರೆ

ಜೂನ್ ಒಂದರಿಂದ, ಎಂದಿತ್ತು ಆದೇಶ,
ವಾರ್ಡಿನ ಪ್ರತಿ ತೀರ್ಮಾನಕ್ಕೂ ಎರಡು ಸಹಿ:
ವೈದ್ಯರದು, ಶುಶ್ರೂಷಾಧಿಕಾರಿಯದು.
ಅಚ್ಚಾದ ನಮೂನೆಯಲ್ಲಿ ಇದ್ದದ್ದು ಒಂದೇ ಗೆರೆ.
ಸುಲಕ್ಷಾ ತಾಂಡೇಲ ಸ್ಕೇಲಿಟ್ಟು
ಇನ್ನೊಂದು ಎಳೆದರು.
ನನ್ನದರ ಕೆಳಗಲ್ಲ. ಪಕ್ಕದಲ್ಲಿ.
ಗಮನಿಸಿದೆ. ಗಮನಿಸದವನಂತೆ
ಕಾಳಿ ಸೇತುವೆ ಕಡೆ, ಗೋವಾಕ್ಕೆ
ಹೊರಟ ಆಂಬುಲೆನ್ಸ್ ನೋಡುತ್ತ ನಿಂತೆ.

ಅವರ ಅಪ್ಪ ಬೈತಖೋಲದಲ್ಲಿ ದೋಣಿ ನಡೆಸಿದವರು.
"ಹೆಸರಿಗೆ ತಕ್ಕಂತೆ ಚುಕ್ಕಾಣಿ ಸಿಕ್ಕಿತಲ್ಲ" ಎಂದು ನಕ್ಕೆ.
ಅವರು ನಗಲಿಲ್ಲ.
"ಚುಕ್ಕಾಣಿ ಇರಲಿ ಡಾಕ್ಟ್ರೇ,
ರಾತ್ರಿ ಪಾಳಿಗೆ ಎಷ್ಟು ಜನ ಕೊಡ್ತೀರಿ ಹೇಳಿ."

ಹದಿನಾರು ವರ್ಷ ನಾನು ಹೇಳಿದೆ, ಅವರು ಬರೆದುಕೊಂಡರು.
ನಾನು ಕೂತೆ, ಅವರು ನಿಂತರು.
ಈಗ ಸೋಮವಾರದ ಸಭೆಗೆ ಸ್ಟೋರಿನಿಂದ ಕುರ್ಚಿ ಬಂತು,
ಒಂದು ಕಾಲು ಗಿಡ್ಡ; ಅದರಡಿಗೆ ಅವರು ಮಡಚಿಟ್ಟದ್ದು
ಅದೇ ಆದೇಶದ ಜೆರಾಕ್ಸು.

ಮೊದಲ ಜಗಳ ಆಷಾಢದಲ್ಲಿ.
ಡೆಂಗಿ. ಮಾಜಾಳಿಯಿಂದ, ಚೆಂಡಿಯಾದಿಂದ, ಅಮದಳ್ಳಿಯಿಂದ
ರಿಕ್ಷಾ ತುಂಬ ಜ್ವರ.
ಇನ್ನೂ ಆರು ಜನ ಸೇರಿಸಿ ಎಂದು ಬರೆದೆ, ಸಹಿ ಗೀಚಿದೆ.
ಪುಸ್ತಕ ಮರಳಿ ಬಂತು. ಪಕ್ಕದ ಗೆರೆ ಖಾಲಿ.
"ಹಾಸಿಗೆ ಇದೆಯಲ್ಲ?"
"ಹಾಸಿಗೆ ಇದೆ. ಕೈ ಇಲ್ಲ.
ಮೂವತ್ತೆಂಟು ಜನಕ್ಕೆ ಇಬ್ಬರು ಹುಡುಗಿಯರು.
ಆರು ಸೇರಿದರೆ ಯಾರದೋ ಡ್ರಿಪ್ ಮುಗಿದದ್ದು
ಯಾರಿಗೂ ಕಾಣೋದಿಲ್ಲ."
"ಈ ಮಳೇಲಿ ವಾಪಸ್ ಕಳಿಸಲೆ?"
"ಕಳಿಸಿ ಅಂದೆನೆ? ಕೈ ಇಲ್ಲ ಅಂದೆ."
ಹೇಳಿ, ನನ್ನ ಕೈಗಳನ್ನು ನೋಡಿದರು.

ಆ ರಾತ್ರಿ ಬಿ.ಪಿ. ಪಟ್ಟಿ ಹಿಡಿದು ಸಾಲು ಸುತ್ತಿದೆ.
ಗಂಟೆಗೊಮ್ಮೆ ಎಂದು ನಾನೇ ಬರೆದದ್ದು
ಗಂಟೆಗೊಮ್ಮೆ ಬರುತ್ತದೆಂದು ಗೊತ್ತೇ ಇರಲಿಲ್ಲ.
ಹನ್ನೊಂದನೆಯ ಮಂಚದ ಹಾಲಕ್ಕಿ ಅಜ್ಜಿ,
ಎಕ್ಸ್‌ರೇಗೆಂದು ಬಿಚ್ಚಿಸಿದ ಮಣಿಸರಗಳು
ಸ್ಟೀಲ್ ಡಬ್ಬಿಯಲ್ಲಿ, ಡಬ್ಬಿ ಕಂಬಿಗೆ ಕಟ್ಟಿ,
ನಿದ್ದೆಗಣ್ಣಲ್ಲಿ ಕೈ ಚಾಚಿದರೂ ಸದ್ದಾಗುವಷ್ಟು ಹತ್ತಿರ.
ಯಾರು ಹೇಳಿದ್ದು ಹೀಗೆ ಕಟ್ಟಲು?
ನನ್ನ ಯಾವ ಚೀಟಿಯಲ್ಲೂ ಇಲ್ಲ.

ಮೂರು ಗಂಟೆಗೆ ಇಪ್ಪತ್ತೆರಡರ ಕೇಸ್‌ಶೀಟ್ ಬಿಡಿಸಿದೆ.
ಸೊನ್ನೆಯೋ, ಆರೋ, ಬಾಲ ಮುರಿದ ಒಂಬತ್ತೋ.
ನನ್ನದೇ ಅಕ್ಷರ.
ಸುಲಕ್ಷಾ ಇಣುಕಿ, ತಡವರಿಸದೆ ಓದಿದರು.
"ಅವತ್ತೇ ಜಾಸ್ತಿ ಅನ್ನಿಸ್ತು. ಕೇಳಿ ಕಮ್ಮಿ ಮಾಡಿಸಿಕೊಂಡೆ,
ಫೋನಲ್ಲಿ. ನೀವು ನಿದ್ದೇಲಿ ಹೂಂ ಅಂದ್ರಿ."
ಎಷ್ಟು ಹೂಂ, ಎಷ್ಟು ವರ್ಷ.
ಪಾಲು ಹಳೆಯದು. ಗೆರೆ ಮಾತ್ರ ಹೊಸದು.

ಆಮೇಲೆಲ್ಲ ಸುಸೂತ್ರ ಎಂದುಕೊಳ್ಳಬೇಡಿ.
"ನಾಳೆ ಸಿಸ್ಟರೇ ಹೊಟ್ಟೆ ಕೊಯ್ತಾರೋ?" ಅಂದರು ಸರ್ಜನ್ ಮಹಾಲೆ,
ಕ್ಯಾಂಟೀನಿನಲ್ಲಿ, ಅವರಿಗೆ ಕೇಳುವ ಹಾಗೆ.
ನಾನು ಬನ್ಸ್ ಮುರಿಯುತ್ತಿದ್ದೆ. ಏನೂ ಅನ್ನಲಿಲ್ಲ.
ಅದು ಇನ್ನೂ ಗಂಟಲಲ್ಲಿದೆ.

ಅಕ್ಟೋಬರಿನಲ್ಲಿ ಮುದಗಾದ ಹುಡುಗನೊಬ್ಬನನ್ನು
ಗೋವಾಕ್ಕೆ ಬರೆದುಕೊಡದೆ ಇಲ್ಲೇ ಇಟ್ಟುಕೊಂಡೆವು.
ನೋಡಿಕೊಳ್ಳಬಹುದು ಎಂದೆ.
ನೋಡಿಕೊಳ್ತೇವೆ ಎಂದರು.
ಎರಡೂ ಗೆರೆ ತುಂಬಿದ್ದವು.
ಮೂರನೆಯ ಬೆಳಿಗ್ಗೆ ಅವನ ಅಣ್ಣ
ಉಪ್ಪು ಕಟ್ಟಿದ ರೇನ್‌ಕೋಟಿನಲ್ಲೇ ಬಂದು ಕೇಳಿದ:
"ಇಲ್ಲಿ ದೊಡ್ಡವರು ಯಾರು?"

ಹಿಂದೆಲ್ಲ ಅವರು ನನ್ನ ಬಾಗಿಲು ತೋರಿಸುತ್ತಿದ್ದರು,
ನಾನು ಒಳಗಿನಿಂದ, ಸಿಸ್ಟರನ್ನು ಕೇಳಿ, ಎನ್ನುತ್ತಿದ್ದೆ.
ಆ ದಿನ ಬೆರಳು ಯಾರೂ ಎತ್ತಲಿಲ್ಲ.
ಬೆಂಚಿನಲ್ಲಿ ಅವನ ಒಂದು ಬದಿ ಅವರು,
ಒಂದು ಬದಿ ನಾನು ಕೂತೆವು.
ಬಹಳ ಹೊತ್ತು ಅವನು ಇಬ್ಬರನ್ನೂ ನೋಡಲಿಲ್ಲ.
ಮೇಜಿನ ಮೇಲೆ ರಿಜಿಸ್ಟರು ತೆರೆದೇ ಇತ್ತು,
ಬೆಳಗಿನ ಪಾಳಿಯ ಹುಡುಗಿ
ಮುಂದಿನ ಹಾಳೆಗೆ ಗೆರೆ ಎಳೆಯಲು
ಸ್ಕೇಲು ಹುಡುಕುತ್ತಿದ್ದಳು.