ಕೆಳಗೆ ನೋಡುವ ಬೆಳಕು

ನನ್ನ ಗಾಡಿಯ ಹಳೇ ದೀಪದ್ದೊಂದು ಗುಣ:
ಆಕ್ಸಿಲರೇಟರ್ ಕೊಟ್ಟರೆ ಉರಿಯುತ್ತದೆ, ಬಿಟ್ಟರೆ ಮಂಕು.
ಅಂದರೆ ನಾಲೆ ಏರಿಯ ತಿರುವಿನಲ್ಲಿ,
ಹಳ್ಳ ಬಿದ್ದ ಸೇತುವೆಯಲ್ಲಿ,
ಎಲ್ಲಿ ನಿಧಾನ ಹೋಗಬೇಕೋ ಅಲ್ಲೇ ಕತ್ತಲೆ.
ಹನ್ನೊಂದು ವರ್ಷ ಹಾಗೇ ಓಡಿಸಿದೆ,
ಕರು ಅಡ್ಡ ಸಿಕ್ಕಿಕೊಂಡಿದೆ ಅಂತ ಫೋನು ಬಂದಾಗಲೆಲ್ಲ
ಕೈಗವಸು, ಹಗ್ಗ, ಡೆಟಾಲು ಸೈಡ್ ಬ್ಯಾಗಿಗೆ ತುಂಬಿ.
ಎಮ್ಮೆಗಳೇನು ಹಗಲು ನೋಡಿ ಈಯುತ್ತವೆಯೇ?

ಹೋದ ತಿಂಗಳು ದುದ್ದದ ದಾರಿಯಲ್ಲಿ
ಕತ್ತಲೆಗೆ ಕತ್ತಲೆ ತೇಪೆ ಹಾಕಿದ ಹಾಗೆ ಏನೋ ಇತ್ತು.
ವಾಸನೆ ಮೊದಲು ಬಂತು, ಹಸಿ ಸೋಗೆಯದು.
ಬ್ರೇಕು ಆಮೇಲೆ.
ಪಂಕ್ಚರಾಗಿ ನಿಂತ ಕಬ್ಬಿನ ಟ್ರೈಲರು, ಹಿಂದೆ ದೀಪವಿಲ್ಲ.
ಎಚ್ಚರಿಕೆಗೆ ಎರಡು ಕಲ್ಲು, ಒಂದು ಹೊಂಗೆ ಕೊಂಬೆ.
ಜಲ್ಲೆಯ ತುದಿ ಕೆನ್ನೆಗೆ ತಾಗಿ ನಿಂತೆ.
ಅಡಿಯಲ್ಲಿ ಮಲಗಿದ್ದ ಹುಡುಗ ಎದ್ದು ಬಂದು
‘ಕಾಣ್ನಿಲ್ವಾ ಸಾ?’ ಅಂದ.

ಗುತ್ತಲು ರಸ್ತೆಯ ಹಿದಾಯತ್ ಸಾಬರು
ಪಕ್ಕದ ಮುಚ್ಚಳ ಬಿಚ್ಚಿ ಬ್ಯಾಟರಿ ನೋಡಿ ನಕ್ಕರು.
‘ಬೆಲ್ಲದಚ್ಚಿನಷ್ಟಿದೆ. ಹತ್ತು ವ್ಯಾಟಿನವು ಎರಡು, ಅಷ್ಟೇ.
ದುರಾಸೆ ಪಟ್ಟರೆ ಬೆಳಿಗ್ಗೆ ಕಿಕ್ಕು ಹೊಡೀತಾ ನಿಲ್ತೀರ.’
ಬಿಳಿ ಕೇಳಿದೆ, ಹಳದಿ ಕೊಟ್ಟರು.
‘ಧನುರ್ಮಾಸದಲ್ಲಿ ನಾಲೆ ಮೇಲೆ ಹೋಗಿ ನೋಡಿ,
ಬಿಳಿ ಬೆಳಕು ಮಂಜಿಗೆ ಸುಣ್ಣ ಹೊಡೀತದೆ.’

ರಿಲೇ ಅಂದರೇನು ಅಂತ ಕೇಳಿದ್ದು ನನ್ನ ತಪ್ಪು.
ಹಲ್ಲಲ್ಲಿ ಟೇಪು ಕಚ್ಚಿಕೊಂಡೇ ಹೇಳಿದರು:
‘ಸ್ವಿಚ್ಚು ಹೊರೆ ಹೊರೋಲ್ಲ ಡಾಕ್ಟ್ರೇ,
ಕೂಗಿ ಕರೀತದೆ. ಹೊರೋನು ಬೇರೆ.’
ನಾನು ಡಾಕ್ಟರಲ್ಲ, ದನದಾಸ್ಪತ್ರೆಯ ಕಾಂಪೌಂಡರು.
ಡಾಕ್ಟರು ಮೈಸೂರಿಂದ ಹತ್ತೂವರೆಗೆ ಬರುತ್ತಾರೆ.

ಮಬ್ಬು ಕವಿದ ಮೇಲೆ ಎದುರಿನ ಗೋದಾಮಿನ ಗೋಡೆಗೆ
ಸೀಮೆಸುಣ್ಣದ ಗೆರೆ, ನನ್ನ ಮೊಣಕಾಲೆತ್ತರಕ್ಕೆ.
ತೂಕ ಬೇಕೆಂದು ಸೀಟಿನ ಮೇಲೆ ನನ್ನನ್ನೇ ಕೂರಿಸಿ
ಸ್ಪ್ಯಾನರಿನ ಕಾಲು ಸುತ್ತು, ಇನ್ನೊಂದರೆಗಾಲು.
ಎರಡು ಹಳದಿ ವೃತ್ತ ತಲೆ ತಗ್ಗಿಸಿ ಗೆರೆಯ ಕೆಳಗೆ ಬಂದವು.
‘ಇನ್ನೊಂಚೂರು ಎತ್ತಿದರೆ ದೂರ ಕಾಣುತ್ತಲ್ವಾ?’
‘ನಿಮಗೆ ಕಾಣ್ತದೆ. ಎದುರು ಬರೋನು ನಾಲೆಗೆ ಹೋಗ್ತಾನೆ.’
ಸ್ಪ್ಯಾನರು ಒರೆಸಿದರು, ಬಹಳ ಹೊತ್ತು.
ದುಡ್ಡು ಎಣಿಸುವವರೆಗೆ ಮತ್ತೆ ಮಾತಾಡಲಿಲ್ಲ.

ರಾತ್ರಿ ಎರಡಕ್ಕೆ ಹುಲಿವಾನದಿಂದ ಫೋನು.
ದಾರಿ ಮೊದಲ ಸಲ ಅಂಚಿನ ಸಮೇತ ಕಂಡಿತು:
ಕಿತ್ತ ತಡೆಗಲ್ಲು, ಹುರುಳಿ ಬಡಿದ ಹೊಟ್ಟು,
ಒಂದು ಕಪ್ಪೆ, ಅದರ ನೆರಳು ಅದಕ್ಕಿಂತ ದೊಡ್ಡದು,
ಪಕ್ಕದಲ್ಲೇ, ಕಾಲು ಚಾಚಿದರೆ ಸಿಗುವಷ್ಟರಲ್ಲಿ, ನೀರು.
ಇಷ್ಟು ವರ್ಷ ಇದು ಇಷ್ಟು ಹತ್ತಿರ ಹರಿಯುತ್ತಿತ್ತೇ?
ಹನ್ನೊಂದು ವರ್ಷದ ಭಯ ಒಟ್ಟಿಗೇ ಬಂತು.
ಗೇರು ಇಳಿಸಿದೆ.
ಬೆಳಕು ಇಳಿಯಲಿಲ್ಲ.

ಕೊಟ್ಟಿಗೆಯಲ್ಲಿ ಚಿಕ್ಕತಾಯಮ್ಮ ಮೊಬೈಲು ಹಿಡಿದು ನಿಂತಿದ್ದಳು.
‘ಕರೆಂಟು ಹೋಗೈತೆ ಸಾ, ಗಾಡೀನೇ ಒಳೀಕೆ ತಿರುಗ್ಸಿ.’
ಎಂಜಿನ್ ಸದ್ದಿಗೆ ಎಮ್ಮೆ ಬೆದರಿತು, ಆರಿಸಿದೆ.
ದೀಪ ಉಳಿದವು,
ಸರಿಯಾಗಿ ಮೊಣಕಾಲಿಗಿಂತ ಕೆಳಗೆ, ಗಂಜಲದ ಕಲ್ಲಿನ ಮೇಲೆ,
ಕರು ಬೀಳುವ ಜಾಗದಲ್ಲಿ.
ಮುಂಗಾಲೆರಡು, ನಾಲಿಗೆ ಕಚ್ಚಿದ ಮೂತಿ,
ಆಮೇಲೆ ಒಮ್ಮೆಗೇ ಎಲ್ಲ. ಮೈಯಿಂದ ಏಳುವ ಹಬೆಯೂ ಹಳದಿ.

ಐದು ಗಂಟೆಗೆ ಕಾಫಿ ಕುಡಿದು ಕಿಕ್ಕು ಹೊಡೆದೆ.
ಒಂದು, ಎರಡು, ಒಂಬತ್ತು.
ಜಗಲಿಯಲ್ಲಿ ಕೂತು ಮನೆಯವರು ಎಣಿಸುತ್ತಿದ್ದರು.
ಹದಿನಾಲ್ಕಕ್ಕೆ ಹೊತ್ತಿಕೊಂಡಿತು.

ಹಿದಾಯತ್ ಸಾಬರಿಗೆ ಇದನ್ನು ಹೇಳಿಲ್ಲ.