ಇಲಿ ನಲವತ್ತೇಳು

ಕೂದಲಿಗಿಂತ ತೆಳು ಈ ಕಾರ್ಬನ್ ಎಳೆ.
ಮುರಿದರೆ ಮತ್ತೆರಡು ವಾರ, ಎನ್ನುತ್ತಾರೆ ಮೇಡಂ.
ಉಸಿರು ಹಿಡಿದು ಇಳಿಸುತ್ತೇನೆ
ಬಲಮಿದುಳಿಗೆ, ಆಮೇಲೆ ಎಡಕ್ಕೆ.

ಗಂಟೆ. ಶ್ರೀನಿವಾಸಪುರದ ಮಾವಿನ ರಸ, ಒಂದೇ ಹನಿ.
ಬಲಗಡೆ,
ಹನಿ ನಾಲಗೆಗೆ ಬೀಳುವ ಮೊದಲೇ, ಬರಿಯ ಗಂಟೆಗೇ
ಡೋಪಮೈನ್ ಗೆರೆ ಚಂಗನೆ ಏಳುತ್ತದೆ,
ಕಿಟಕಿಯಾಚೆ ಅಂತರಗಂಗೆ ಬೆಟ್ಟ ಎದ್ದ ಹಾಗೆ.
ಎಡಗಡೆ
ಟಮಕದ ಟಾರು ರಸ್ತೆ.

ಆ ಕಡೆಯ ನರಗಳನ್ನು ಸುಟ್ಟದ್ದು ನಾನೇ,
ಮಾರ್ಚ್ ಹನ್ನೊಂದು, ಎಂಟು ಮೈಕ್ರೋಗ್ರಾಂ.
ಅಂದಿನಿಂದ ನಲವತ್ತೇಳು ಎಡಕ್ಕೇ ತಿರುಗುತ್ತದೆ,
ಮೇಟಿಯಿಲ್ಲದ ಕಣದಲ್ಲಿ ರಾಗಿ ತುಳಿಯುವ ಎತ್ತಿನಂತೆ.
ಸುತ್ತಿಗೊಂದು ಗೀಟು ಹಾಕುತ್ತೇನೆ, ಐದಕ್ಕೊಂದು ಕಟ್ಟು.

"ಇದು ಸಂತೋಷ ಅಳೆಯೋ ಮಿಷನ್ನಾ?"
ಪಂಜರ ತೊಳೆಯುವ ಮುನೆಕ್ಕ ಕೇಳಿದಳು.
ಅಲ್ಲ ಅಂದೆ.
ಮತ್ತೇನು ಅಂತ ಹೇಳಲಾಗಲಿಲ್ಲ.

ಸಂಜೆ ತಂತಿ ಬಿಚ್ಚಿ, ಪರದೆ ಆರಿಸಿ,
ಚೀಲದಲ್ಲಿ ಬೀಗದ ಕೈ ತಡಕುವಾಗ
ಅದರ ಸದ್ದಿಗೆ
ನಲವತ್ತೇಳು ಮೂತಿ ಎತ್ತಿತು, ತುಸು ತಡೆದು,
ಬಲಕ್ಕೆ.

ಬಲಕ್ಕೆಂದು ನಾನು
ಕಾಲಮ್ಮೇ ಎಳೆದಿರಲಿಲ್ಲ.