ಅಲ್ಪವಿರಾಮ

ಬೆಳಗಿನ ಜಾವ ನಾಲ್ಕೂವರೆಗೆ
ದಕ್ಕೆಯ ಈ ಕೋಣೆಯಲ್ಲಿ ನನಗೆ ಎರಡು ಕಿಟಕಿ,
ಎರಡೂ ಒಂದೇ ಪರದೆಯ ಮೇಲೆ.
ಎಡಗಡೆಯದ್ದು ತೂಕದ್ದು: ಕಪ್ಪು ಮೈ, ಹಸಿರು ಅಂಕಿ,
ತಕ್ಕಡಿಯ ವಯರು ನೇರ ಅದರ ಹೊಟ್ಟೆಗೆ.
ಬಲಗಡೆಯದ್ದು ಲೆಕ್ಕದ್ದು: ನೀಲಿ, ಸ್ವಲ್ಪ ಜಂಬ,
ಬಿಲ್ಲು ಕಕ್ಕುವುದು ಮಾತ್ರ ಅದಕ್ಕೆ ಗೊತ್ತು.
ಅಕ್ಕಪಕ್ಕ ಕೂತು ಹನ್ನೊಂದು ವರ್ಷ,
ಒಂದಕ್ಕೊಂದರ ಹೆಸರು ಗೊತ್ತಿಲ್ಲ.

ನಡುವೆ ನಾನು, ಎಮಿಲ್ಡಾ.
ಎಡದಲ್ಲಿ ಕಂಟ್ರೋಲ್ ಸಿ, ಬಲದಲ್ಲಿ ಕಂಟ್ರೋಲ್ ವಿ.
ಬೋಟು, ಮೀನು, ಕಿಲೋ, ದರ.
ಹೊತ್ತದ್ದು ಕಾಣುವುದಿಲ್ಲ, ಭಾರವೂ ಇಲ್ಲ,
ಆದರೆ ಆ ಜಾಗ ಒಂದನ್ನೇ ಹಿಡಿಯುತ್ತದೆ.
ಬಂಗುಡೆ ಹಿಡಿದವಳು ಬೂತಾಯಿ ಮುಟ್ಟಿದರೆ
ಬಂಗುಡೆ ಹೋಯಿತು,
ನೀರಿಗೆ ಬಿದ್ದ ಸದ್ದೂ ಇಲ್ಲದೆ.

ದೂಮಪ್ಪಣ್ಣ ಬೆಳಿಗ್ಗೆ ಬಂದು,
"ಅವನಿಗೆ ಹೇಳಿ, ಐಸು ಕಮ್ಮಿ ಬಿತ್ತು."
ತ್ಯಾಂಪಣ್ಣ ಸಂಜೆ ಬಂದು,
"ಅವನಿಗೆ ಹೇಳಿ, ಬಲೆಯ ತೂತು ಕಣ್ಣಿಗೆ ಕಾಣುವುದಿಲ್ಲವಾ ಅಂತ."
ಒಂದೇ ತಾಯಿಯ ಮಕ್ಕಳು, ಒಂದೇ ಬೋಟು,
ನಾಲ್ಕು ವರ್ಷದಿಂದ ಮಾತಿಲ್ಲ.
ಯಾಕೆಂದು ಬೆಂಗ್ರೆಯಲ್ಲಿ ಕೇಳಿದರೆ ಮೂರು ಕತೆ.
ಬೋಟಿನ ಮೂತಿಯ ಮೇಲೆ ತಾಯಿ ಬರೆಸಿದ್ದು ಮಾತ್ರ
ಹಾಗೇ ಉಂಟು, ಬಿಳಿ ಪೈಂಟಿನಲ್ಲಿ:
ದೂಮಪ್ಪ, ತ್ಯಾಂಪಣ್ಣ.

ಮಾರ್ಚಿನಲ್ಲಿ ಒಮ್ಮೆ,
"ಅಮ್ಮನ ಕಣ್ಣಿನ ಆಪರೇಷನ್ ಸೋಮವಾರ, ಅವನಿಗೆ ಹೇಳಿ."
ಅಷ್ಟರಲ್ಲಿ ಐಸ್ ಪ್ಲಾಂಟಿನ ಫೋನು, ಹೊಸ ರೇಟು.
ಬರೆದುಕೊಂಡೆ.
ಸೋಮವಾರ ತ್ಯಾಂಪಣ್ಣ ಇದೇ ಕಟ್ಟೆಯ ಮೇಲೆ
ಬಲೆ ಹೊಲಿಯುತ್ತ ಕೂತಿದ್ದರು, ಚಾ ಕುಡಿದರು,
ನಾನು ಕೈ ಬೀಸಿದೆ. ಆಗಲೂ ನೆನಪಾಗಲಿಲ್ಲ.
ಆಮೇಲೆ ಯಾರೂ ನನ್ನನ್ನು ಕೇಳಲಿಲ್ಲ. ಅದೇ ಕಷ್ಟ.

ಬಜಾಲಿನ ನವೀದ್ ಬಂದ, ಬೈಕಿನ ಹೆಲ್ಮೆಟ್ಟೂ ತೆಗೆಯದೆ,
"ನೀವೆಂತಕ್ಕೆ ಹೊರುವುದು ಬಾಯಮ್ಮ?
ತೂಕ ಒಂದು ಫೈಲು ಬರೆದು ಫೋಲ್ಡರಿನಲ್ಲಿ ಇಡಲಿ,
ಲೆಕ್ಕ ಬಂದು ಎತ್ತಿಕೊಳ್ಳಲಿ."
"ಯಾರ ಭಾಷೆಯಲ್ಲಿ?"
"ಯಾರದ್ದೂ ಅಲ್ಲ. ಬರೀ ಅಕ್ಷರ, ನಡುವೆ ಕೊಮಾ.
ಮನೆಯಲ್ಲಿ ನಾನು ಬ್ಯಾರಿ, ನೀವು ಕೊಂಕಣಿ,
ದಕ್ಕೆಗೆ ಬಂದರೆ ಇಬ್ಬರಿಗೂ ತುಳು ಅಲ್ವಾ,
ಹಾಗೆ."

ಎಂಟು ದಿನ ಕೈ ಕಟ್ಟಿ ಕೂತೆ.
ಒಂಬತ್ತನೆಯ ದಿನ ಅವರ ಬೋಟು ಬಂತು, ಬಿಲ್ಲೂ ಬಂತು:

ಬೋಟು: ದೂಮಪ್ಪ
ಮೀನು: ತ್ಯಾಂಪಣ್ಣ
ಕಿಲೋ: ಬಂಗುಡೆ
ದರ: ೩೪೦

ಪ್ರತಿ ಸಲ ಬೇರೆ ಬೇರೆ ಹೊತ್ತಿಗೆ ಬರುವವರು
ಅವತ್ತು ಒಟ್ಟಿಗೆ ಬಂದರು, ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಪ್ರತಿ.
ತ್ಯಾಂಪಣ್ಣ ನನ್ನ ತಲೆಯ ಮೇಲಿಂದ ನೇರ ಆಚೆಗೆ,
"ನನ್ನನ್ನು ಮಾರಿದೆಯಾ?"
ದೂಮಪ್ಪಣ್ಣ ಕನ್ನಡಕ ಹಾಕಿ ಇನ್ನೊಮ್ಮೆ ಓದಿ,
"ಮುನ್ನೂರ ನಲವತ್ತಕ್ಕೆ ನಿನ್ನನ್ನು ಯಾರು ತೆಗೆದುಕೊಳ್ಳುತ್ತಾರೆ?
ನೂರಿಪ್ಪತ್ತರ ಮೇಲೆ ಒಂದು ಪೈಸೆ ಏಳಲಿಕ್ಕಿಲ್ಲ."
ಆಮೇಲೆ ಬೈಗಳ. ತುಳುವಿನಲ್ಲಿ, ಮೂರು ತಲೆಮಾರು ಹಿಂದಿನಿಂದ.
ಐಸು, ಬಲೆ, ಡೀಸೆಲ್, ಸೋಮವಾರ.
ಸೋಮವಾರ ಬಂದಾಗ ನಾನು ಎದ್ದು ನಿಂತೆ.
"ಅದು ನನ್ನ ತಪ್ಪು," ಎಂದೆ.
ಇಬ್ಬರಿಗೂ ಕೇಳಿಸಲಿಲ್ಲ.

ಹೆಸರಿನ ಕೊಮಾ ತೆಗೆದರೆ ಮುಗಿಯಿತು ಎಂದ ನವೀದ್.
ದೂಮಪ್ಪಣ್ಣ ಬಿಡಲಿಲ್ಲ, ತ್ಯಾಂಪಣ್ಣನೂ ಬಿಡಲಿಲ್ಲ.
ಅದನ್ನು ಪುನಃ ಬೇರೆ ಬೇರೆ ಬಂದು ನನಗೇ ಹೇಳಿದರು.
ಈಗ ಫೈಲಿನಲ್ಲಿ ಕೊಮಾದ ಬದಲು ನಿಂತ ಗೀಟು,
ಹಳೆಯ ಪದ್ಯದ ಸಾಲಿನ ಕೊನೆಗೆ ಇರುತ್ತದಲ್ಲ, ಅಂಥದ್ದು.
ಕೊಮಾ ಬೋಟಿನ ಹೆಸರಿನೊಳಗೇ ಉಳಿಯಿತು.

ಇವತ್ತು ದೂಮಪ್ಪಣ್ಣ ಬಂದು "ಅವನಿಗೆ ಹೇಳಿ" ಅಂದವರು
ನಿಲ್ಲಿಸಿ, ತಲೆ ಕೆರೆದು,
"ಎಂತದೋ ಫೋಲ್ಡರ್ ಉಂಟಲ್ಲ, ಅದರಲ್ಲಿ ಇಡಿ.
ಅಮ್ಮನ ಇನ್ನೊಂದು ಕಣ್ಣು, ಗುರುವಾರ."
ಹಾಳಾದ ಬಿಲ್ಲಿನ ಬೆನ್ನಿಗೆ ದಪ್ಪಕ್ಷರದಲ್ಲಿ ಬರೆದು
ಕೋಣೆಯ ನಿಜವಾದ ಕಿಟಕಿಯ ಗಾಜಿಗೆ ಅಂಟಿಸಿದ್ದೇನೆ,
ಅಕ್ಷರ ಹೊರಮುಖ.